ಕ್ಯಾನ್ಸರ್ ಬರುವ ಮುನ್ನ: ಊಟ, ತೂಕ, ನಡಿಗೆಯ ಲೆಕ್ಕಾಚಾರ





ನಮ್ಮ ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳನ್ನು ಮೊದಲು ಓದುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂತು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನಿಗೆ ಇದು ಹೊಸತೇನಲ್ಲ ಎಂದುಕೊಂಡು ಒಪ್ಪಿಕೊಂಡೆ. ಅಲ್ಲಿ ಆದಾಯ, ಜಾಮೀನು, ಮರುಪಾವತಿಯ ಶಕ್ತಿ ನೋಡಿದರೆ ಸಾಕಿತ್ತು. ಇಲ್ಲಿ ಆಸ್ಪತ್ರೆಯ ಅಂದಾಜು ಪಟ್ಟಿ, ಬಯಾಪ್ಸಿ ವರದಿ, ರೇಷನ್ ಕಾರ್ಡಿನ ಜೆರಾಕ್ಸ್, ಅದರ ಹಿಂದೆ ಮನೆಯವರು ಕೈಯಾರೆ ಬರೆದ ನಾಲ್ಕು ಸಾಲು ಇರುತ್ತವೆ. ಆ ನಾಲ್ಕು ಸಾಲನ್ನು ಓದಿ ಮುಗಿಸಿದ ಮೇಲೆ ಆ ದಿನ ಬೇರೆ ಕೆಲಸ ಮಾಡಲು ಮನಸ್ಸಾಗುವುದಿಲ್ಲ.

ಈ ಅರ್ಜಿಗಳಲ್ಲಿ ಕ್ಯಾನ್ಸರಿನವೇ ಹೆಚ್ಚು. ಅವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಎರಡು ಸಂಗತಿ. ಒಂದು, ಕಾಯಿಲೆ ಬೆಳೆದ ಮೇಲೆ ಬಂದವರು. ಎರಡು, ವರ್ಷಗಟ್ಟಲೆ ದೇಹಕ್ಕೆ ಆಗುತ್ತಿದ್ದ ಹಾನಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು. ಆದ್ದರಿಂದ ಈ ಸಲದ ಪತ್ರಿಕೆಯಲ್ಲಿ ನೆರವಿನ ಮನವಿಯ ಜೊತೆಗೆ, ಅಂಥ ಅರ್ಜಿ ನಮ್ಮ ನಮ್ಮ ಮನೆಗಳಿಂದ ಬರುವುದನ್ನು ಸಾಧ್ಯವಿದ್ದಷ್ಟು ತಡೆಯುವುದು ಹೇಗೆಂದು ಬರೆಯಲು ಸಮಿತಿಯವರು ಹೇಳಿದರು. ನಾನು ವೈದ್ಯನಲ್ಲ, ಬಿ.ಕಾಂ. ಓದಿದವನು. ವೈದ್ಯಕೀಯ ಸಂಸ್ಥೆಗಳು ಒಪ್ಪಿಕೊಂಡಿರುವ ವಿಷಯಗಳನ್ನು ನನಗೆ ಅರ್ಥವಾದಂತೆ ನಮ್ಮ ಮಾತಿನಲ್ಲಿ ಹೇಳುತ್ತೇನೆ. ನಿಮ್ಮ ಶರೀರದ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರರದು.

ಅಪಾಯ ಎಂದರೆ ಏನು?

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 14 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂತು. 9 ಲಕ್ಷಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ದೇಶದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್, ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿವೆ. ಇದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಮಾತಿದೆ: ಕ್ಯಾನ್ಸರ್‌ಗಳಲ್ಲಿ ಶೇ. 30ರಿಂದ 50ರಷ್ಟನ್ನು ತಡೆಯಲು ಸಾಧ್ಯ.

ಹಾಗಾದರೆ ಉಳಿದವು? ಅವು ವಯಸ್ಸಿನಿಂದ, ವಂಶದಿಂದ ಅಥವಾ ಜೀವಕೋಶ ವಿಭಜನೆಯಾಗುವಾಗ ತಾನಾಗಿ ಆಗುವ ತಪ್ಪಿನಿಂದ ಬರುತ್ತವೆ. ಬ್ಯಾಂಕಿನಲ್ಲಿ ಎಲ್ಲ ಕಾಗದಪತ್ರ ಸರಿಯಿದ್ದ ಸಾಲಗಾರನೂ ಒಮ್ಮೊಮ್ಮೆ ಮುಳುಗುತ್ತಾನೆ. ಏನೂ ಸರಿಯಿಲ್ಲದವನು ಕೊನೆಯ ಕಂತಿನವರೆಗೆ ಕಟ್ಟುತ್ತಾನೆ. ಹಾಗೆಂದು ಯಾವ ಮ್ಯಾನೇಜರನೂ ಕಾಗದಪತ್ರ ನೋಡುವುದನ್ನು ಬಿಡುವುದಿಲ್ಲ. ನೂರು ಖಾತೆ ಒಟ್ಟಿಗೆ ನೋಡಿದಾಗ ಜಾಗ್ರತೆಯ ಫಲ ಕಾಣುತ್ತದೆ. ಕ್ಯಾನ್ಸರಿನ ಅಪಾಯವೂ ಹಾಗೆಯೇ. ಒಳ್ಳೆಯ ಊಟ, ಹಿಡಿತದಲ್ಲಿರುವ ತೂಕ ಗ್ಯಾರಂಟಿ ಕೊಡುವುದಿಲ್ಲ, ಸಂಭವವನ್ನು ಕಡಿಮೆ ಮಾಡುತ್ತವೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಕುಡಿಯದ, ಸೇದದ, ಮಿತವಾಗಿ ಉಂಡ ಎಷ್ಟೋ ಮಂದಿಯ ಅರ್ಜಿಗಳೂ ನಮ್ಮ ಕಡತದಲ್ಲಿವೆ. ರೋಗಿಯನ್ನು ನೋಡಲು ಹೋದಾಗ "ಏನು ತಿನ್ನುತ್ತಿದ್ದಿರಿ, ಹೇಗೆ ಬಂತು" ಎಂದು ವಿಚಾರಣೆ ಮಾಡಬೇಡಿ. ಅವರಿಗೆ ಆಗ ಬೇಕಾದದ್ದು ಧೈರ್ಯ ಮತ್ತು ಹಣ. ಈ ಲೇಖನ ಇನ್ನೂ ಆರೋಗ್ಯವಾಗಿರುವ ನಮಗಾಗಿ.

ಎಲ್ಲಕ್ಕಿಂತ ಮೊದಲು: ಹೊಗೆಸೊಪ್ಪು, ಅಡಿಕೆ

ಊಟದ ವಿಷಯಕ್ಕೆ ಹೋಗುವ ಮುನ್ನ ಊಟವಾದ ಮೇಲೆ ಬಾಯಿಗೆ ಹಾಕುವುದರ ಬಗ್ಗೆ ಹೇಳಬೇಕು. ಇದು ನನ್ನ ಮನೆಯ ಕಥೆ.

ನನ್ನ ದೊಡ್ಡಣ್ಣ ಕಾರ್ಕಳದ ಕಡೆಯಿಂದ 1972ರಲ್ಲಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ತಾನು ಎಸ್‌ಎಸ್‌ಸಿಗೆ ನಿಂತರೂ ನನ್ನನ್ನು ಕಾಲೇಜಿಗೆ ಕಳಿಸಿದರು. ಅವರಿಗೆ ಕುಡಿತವಿಲ್ಲ, ಸಿಗರೇಟಿಲ್ಲ. ಎಲೆ ಅಡಿಕೆ ಮಾತ್ರ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ಊರಿನ ಹೊಗೆಸೊಪ್ಪಿನ ರುಚಿ ಇಲ್ಲಿಯದಕ್ಕಿಲ್ಲ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗಿ ಬರುವಾಗ ಅದರ ಕಟ್ಟನ್ನು ತಂದುಕೊಡುತ್ತಿದ್ದವನು ನಾನೇ. ಅಣ್ಣನಿಗೆ ನಾನು ಮಾಡಬಹುದಾದ ಸಣ್ಣ ಸೇವೆ ಎಂದು ಸಂತೋಷದಿಂದ ತರುತ್ತಿದ್ದೆ.

2007ರ ಮಳೆಗಾಲದಲ್ಲಿ ಅವರ ಎಡ ಕೆನ್ನೆಯ ಒಳಗೆ ಹುಣ್ಣಾಯಿತು. ಉಷ್ಣ ಎಂದು ಮಜ್ಜಿಗೆ ಕುಡಿದರು. ಔಷಧದ ಅಂಗಡಿಯಿಂದ ಮುಲಾಮು ತಂದು ಹಚ್ಚಿದರು. ನೋವಿರಲಿಲ್ಲ, ಅದಕ್ಕೇ ಯಾರೂ ಹೆದರಲಿಲ್ಲ. ಖಾರ ತಿನ್ನಲಾಗುವುದಿಲ್ಲ, ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ ಎಂದಾಗ ಎಂಟು ತಿಂಗಳು ಕಳೆದಿತ್ತು. ದವಡೆಯ ಒಂದು ಭಾಗ ತೆಗೆದರು, ರೇಡಿಯೇಷನ್ ಕೊಟ್ಟರು. 2009ರಲ್ಲಿ ಅವರು ತೀರಿಕೊಂಡರು. ಗಿರಾಕಿಗಳ ಬ್ಯಾಲೆನ್ಸ್ ಶೀಟಿನ ತಪ್ಪನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ ನನಗೆ ಮನೆಯೊಳಗಿನ ತಪ್ಪು ಕಾಣಲಿಲ್ಲ.

ಆಗ ನನಗೆ ತಿಳಿಯದ ವಿಷಯ ಈಗ ತಿಳಿದಿದೆ. ಹೊಗೆಸೊಪ್ಪು ಅಷ್ಟೇ ಅಲ್ಲ, ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡಿಕೆ ಬಾಯಿಯ ಒಳಚರ್ಮವನ್ನು ಗಟ್ಟಿ ಮಾಡುತ್ತದೆ. ಬಾಯಿ ತೆರೆಯುವುದು ನಿಧಾನವಾಗಿ ಕಡಿಮೆಯಾಗುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗದಿದ್ದರೆ ಅದೇ ಒಂದು ಎಚ್ಚರಿಕೆ. ನಮ್ಮ ಕರಾವಳಿ, ಮಲೆನಾಡಿನವರಿಗೆ ಈ ಮಾತು ಕಹಿ ಎನ್ನಿಸಬಹುದು. ಅಡಿಕೆ ನಮ್ಮ ತೋಟ, ನಮ್ಮ ಆದಾಯ, ನಮ್ಮ ಮದುವೆಯ ತಾಂಬೂಲ. ತಾಂಬೂಲದ ಗೌರವ ಹಾಗೆಯೇ ಇರಲಿ, ಜಗಿಯುವ ಅಭ್ಯಾಸ ಬೇಡ ಎಂಬುದಷ್ಟೇ ನನ್ನ ಕೋರಿಕೆ.

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ, ಮಹಾರಾಷ್ಟ್ರದಲ್ಲಿ ಶೇ. 26.6. ಹೆಚ್ಚಿನವರು ಜಗಿಯುವವರು. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಆದರೂ ಮಾವಾ, ಖೈನಿ, ಹಲ್ಲಿಗೆ ತಿಕ್ಕುವ ಮಿಶ್ರಿ ನಮ್ಮ ಸುತ್ತಮುತ್ತ ಇವೆ. ಬಾಂದ್ರಾ ಪೂರ್ವದ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ಕಾಯುವ ಕಲಬುರಗಿ, ಯಾದಗಿರಿ, ವಿಜಯಪುರದ ನಮ್ಮ ಜನ ಹಸಿವು ಮರೆಯಲು ಇದನ್ನೇ ಬಾಯಿಗೆ ಹಾಕುತ್ತಾರೆ. ಅವರಿಗೆ ತೂಕ ಇಳಿಸಿ, ವಾಕಿಂಗ್ ಮಾಡಿ ಎಂದು ಹೇಳುವುದು ತಮಾಷೆಯಾದೀತು. ಅವರಿಗೆ ಹೇಳಬೇಕಾದ ಮೊದಲ ಮಾತು ಈ ಪುಡಿಕೆಯ ಬಗ್ಗೆ.

ದಿನಕ್ಕೆ 40 ರೂಪಾಯಿಯ ಪುಡಿಕೆ ಎಂದರೆ ವರ್ಷಕ್ಕೆ 14,600 ರೂಪಾಯಿ. ಇಪ್ಪತ್ತು ವರ್ಷಕ್ಕೆ, ಬಡ್ಡಿ ಸೇರಿಸದೆ, 2,92,000 ರೂಪಾಯಿ. ಬಿಡಲು ಮನಸ್ಸಿದ್ದವರಿಗೆ ಸರಕಾರದ ಉಚಿತ ಸಹಾಯವಾಣಿ ಇದೆ: 1800-11-2356. ನಿಮ್ಮ ಮನೆಗೆ ಬರುವ ಡ್ರೈವರ್, ವಾಚ್‌ಮನ್, ಹೋಟೆಲಿನ ಹುಡುಗರಿಗೆ ಈ ಸಂಖ್ಯೆ ಬರೆದುಕೊಡಿ.

ಮದ್ಯದ ಬಗ್ಗೆ ಒಂದೇ ಮಾತು. ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು 1988ರಲ್ಲಿ. ದೇಹದಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಬದಲಾಗಿ ಜೀವಕೋಶದ ಡಿಎನ್ಎಗೆ ಹಾನಿ ಮಾಡುತ್ತದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನದ ಕ್ಯಾನ್ಸರಿಗೆ ಅದರ ಸಂಬಂಧವಿದೆ. ದುಬಾರಿ ಬಾಟಲಿ, ಅಗ್ಗದ ಬಾಟಲಿ ಎಂಬ ಭೇದ ಇಲ್ಲಿಲ್ಲ. ತಂಬಾಕು ಮತ್ತು ಮದ್ಯ ಎರಡೂ ಇದ್ದರೆ ಬಾಯಿ, ಗಂಟಲಿನ ಅಪಾಯ ಒಂದಕ್ಕೊಂದು ಕೂಡಿದ್ದಕ್ಕಿಂತ ಹೆಚ್ಚಾಗುತ್ತದೆ.

ತೂಕ: ಜಮೆ ಹೆಚ್ಚು, ಖರ್ಚು ಕಡಿಮೆ

ಬೊಜ್ಜಿನಿಂದ ಸಕ್ಕರೆ ಕಾಯಿಲೆ, ಬಿ.ಪಿ. ಬರುತ್ತದೆಂದು ಎಲ್ಲರಿಗೂ ಗೊತ್ತು. ಕ್ಯಾನ್ಸರೂ ಬರಬಹುದು ಎಂದರೆ ಅನೇಕರು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. 2016ರಲ್ಲಿ ತಜ್ಞರ ಸಮಿತಿಯೊಂದು ಎಲ್ಲ ಅಧ್ಯಯನಗಳನ್ನು ಪರಿಶೀಲಿಸಿ, ಹೆಚ್ಚಿನ ಕೊಬ್ಬಿಗೂ 13 ಬಗೆಯ ಕ್ಯಾನ್ಸರಿಗೂ ಸಂಬಂಧವಿದೆ ಎಂದು ನಿರ್ಧರಿಸಿತು. ದೊಡ್ಡ ಕರುಳು, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಮೂತ್ರಪಿಂಡ, ಗರ್ಭಕೋಶ, ಅಂಡಾಶಯ, ಥೈರಾಯ್ಡ್, ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ.

ಕಾರಣ ಹೀಗೆ. ಹೊಟ್ಟೆಯ ಕೊಬ್ಬು ಸುಮ್ಮನೆ ಬಿದ್ದಿರುವ ಠೇವಣಿಯಲ್ಲ, ಅದು ಸದಾ ಕೆಲಸ ಮಾಡುತ್ತಿರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದು ಮುಖ್ಯವಾಗಿ ಈ ಕೊಬ್ಬಿನಲ್ಲಿ. ಅದು ಹೆಚ್ಚಾದಷ್ಟೂ ಸ್ತನ ಮತ್ತು ಗರ್ಭಕೋಶದ ಜೀವಕೋಶಗಳಿಗೆ ಬೆಳೆಯುವ ಪ್ರಚೋದನೆ ಹೆಚ್ಚು. ಕೊಬ್ಬು ಹೆಚ್ಚಾದಾಗ ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರುತ್ತದೆ. ಅದೂ ಜೀವಕೋಶಗಳನ್ನು ಬೆಳೆಯಲು ತಳ್ಳುತ್ತದೆ. ಮೂರನೆಯದಾಗಿ, ದೇಹದೊಳಗೆ ಸಣ್ಣ ಮಟ್ಟದ ಉರಿಯೂತ ನಿರಂತರ ನಡೆದಿರುತ್ತದೆ. ಇವೆಲ್ಲ ಹತ್ತಾರು ವರ್ಷ ಸದ್ದಿಲ್ಲದೆ ನಡೆಯುವ ಕೆಲಸ.

ನಿಮ್ಮ ಲೆಕ್ಕ ನೀವೇ ಮಾಡಿಕೊಳ್ಳಬಹುದು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಬರುವ ಸಂಖ್ಯೆ ನಮ್ಮ ಭಾರತೀಯರಲ್ಲಿ 23ರೊಳಗೆ ಇರಬೇಕು. 25 ದಾಟಿದರೆ ಬೊಜ್ಜು. ಪಾಶ್ಚಾತ್ಯರಿಗೆ ಈ ಮಿತಿ 25 ಮತ್ತು 30. ನಮಗೆ ಕಡಿಮೆ ಇಟ್ಟಿರುವುದು ಏಕೆಂದರೆ ಅಷ್ಟೇ ತೂಕದಲ್ಲಿ ನಮ್ಮ ಹೊಟ್ಟೆಯ ಸುತ್ತ ಹೆಚ್ಚು ಕೊಬ್ಬು ಸೇರಿರುತ್ತದೆ. ಆದ್ದರಿಂದ ಟೇಪು ತೆಗೆದು ಸೊಂಟವನ್ನೂ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ನಾನು ನಿವೃತ್ತನಾದ ದಿನ ಹಾರ ಹಾಕಿಸಿಕೊಂಡಾಗ ನನ್ನ ತೂಕ 82 ಕೆ.ಜಿ., ಎತ್ತರ 1.68 ಮೀಟರ್. ಲೆಕ್ಕ 29. ಈಗ 73 ಕೆ.ಜಿ. ಇದ್ದೇನೆ, ಲೆಕ್ಕ ಸುಮಾರು 26. ಗುರಿ ಮುಟ್ಟಲು 65ಕ್ಕೆ ಬರಬೇಕು. ಸಾಲ ಪೂರ್ತಿ ತೀರಿಲ್ಲ, ಕಂತು ನಡೆಯುತ್ತಿದೆ. ಮೊದಲ ಮೂರು ಕಿಲೋ ಇಳಿದದ್ದು ಚಹಾದಿಂದ ಎಂದರೆ ನೀವು ನಗಬಹುದು. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೆ 50 ಗ್ರಾಂ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೊತೆಗೆ ಬಿಸ್ಕೆಟ್, ಸಂಜೆಗೆ ಫರಸಾಣ, ಊರಿನಿಂದ ಬಂದ ಹಪ್ಪಳ. ಇವನ್ನು ನಾನು ಊಟವೆಂದು ಎಣಿಸಿಯೇ ಇರಲಿಲ್ಲ. ಈಗ ಎರಡು ಚಹಾ, ಅರ್ಧ ಚಮಚ ಸಕ್ಕರೆ. ತಿಂಗಳಿಗೆ ಒಂದು ಕಿಲೋದಂತೆ ನಿಧಾನವಾಗಿ ಇಳಿಸಿದರೆ ಅದು ನಿಲ್ಲುತ್ತದೆ. ಒಂದು ಎಚ್ಚರಿಕೆ: ಪ್ರಯತ್ನ ಮಾಡದೆಯೇ ತೂಕ ಇಳಿಯತೊಡಗಿದರೆ ಸಂತೋಷಪಡಬೇಡಿ, ಡಾಕ್ಟರರನ್ನು ಕಾಣಿರಿ.

ಬಟ್ಟಲಲ್ಲಿ ಏನಿರಬೇಕು?

ಕ್ಯಾನ್ಸರ್ ತಡೆಯುವ ವಿಶೇಷ ಹಣ್ಣು, ವಿಶೇಷ ಕಷಾಯ ಯಾವುದೂ ಇಲ್ಲ. ಒಟ್ಟು ಊಟದ ಕ್ರಮ ಮುಖ್ಯ. ಸಂತೋಷದ ವಿಷಯವೆಂದರೆ ಪರಿಣತರು ಹೇಳುವ ಕ್ರಮ ನಮ್ಮ ಅಜ್ಜಿಯಂದಿರ ಅಡುಗೆಮನೆಗೆ ಹತ್ತಿರವಾಗಿದೆ.

*ತೌಡು ಹೋಗದ ಧಾನ್ಯ.* ಕುಚ್ಚಲಕ್ಕಿ, ರಾಗಿ, ಜೋಳ, ಗೋಧಿಹಿಟ್ಟಿನ ಚಪಾತಿ. ಇವುಗಳಲ್ಲಿರುವ ನಾರು ಕರುಳಿನಲ್ಲಿ ಮಲ ಬೇಗ ಮುಂದೆ ಸಾಗುವಂತೆ ಮಾಡುತ್ತದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನಾರನ್ನು ತಿಂದು ಕರುಳಿನ ಒಳಪದರಕ್ಕೆ ಪೋಷಣೆ ಕೊಡುವ ಆಮ್ಲಗಳನ್ನು ತಯಾರಿಸುತ್ತವೆ. ದಿನಕ್ಕೆ 90 ಗ್ರಾಂ ಇಡೀ ಧಾನ್ಯದ ಆಹಾರ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಶೇ. 17ರಷ್ಟು ಕಡಿಮೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಪರಿಶೀಲನೆ ಹೇಳುತ್ತದೆ. ನಮ್ಮಲ್ಲಿ ಮುಂಬಯಿಗೆ ಬಂದ ಮೇಲೆ ಕುಚ್ಚಲಕ್ಕಿ ಬಿಟ್ಟು ಬಿಳಿ ಅಕ್ಕಿಗೆ, ರೊಟ್ಟಿ ಬಿಟ್ಟು ಪಾವ್‌ಗೆ ಹೋದವರೇ ಹೆಚ್ಚು. ದಿನದ ಒಂದು ಊಟವನ್ನಾದರೂ ಹಿಂದಕ್ಕೆ ತನ್ನಿ.

*ತರಕಾರಿ, ಹಣ್ಣು, ಬೇಳೆಕಾಳು.* ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು. ಆಲೂಗಡ್ಡೆ ಈ ಲೆಕ್ಕಕ್ಕೆ ಸೇರದು, ಆದ್ದರಿಂದ ಬಟಾಟೆ ಭಾಜಿಯನ್ನು ತರಕಾರಿ ಎಂದು ಬರೆದುಕೊಳ್ಳಬೇಡಿ. ಬಸಳೆ, ಹರಿವೆ, ಮೆಂತ್ಯೆ ಸೊಪ್ಪು, ನುಗ್ಗೆ, ಹೀರೆಕಾಯಿ, ಅಲಸಂಡೆ, ಕುಂಬಳ. ಒಂದು ಪಲ್ಯ, ಒಂದು ತಂಬುಳಿ, ಒಂದು ಹಣ್ಣು ಇದ್ದರೆ 400 ಗ್ರಾಂ ತಾನಾಗಿ ಆಗುತ್ತದೆ. ಬಾಂದ್ರಾದ ಬಜಾರಿನಲ್ಲಿ ಸೊಪ್ಪು ಬೇಕಾದಷ್ಟು ಸಿಗುತ್ತದೆ. ನಮ್ಮ ಕಡೆಯ ತರಕಾರಿಯೇ ಬೇಕೆಂದರೆ ಮಾಟುಂಗಾ ದೂರವೇನಲ್ಲ. ಸೇಬು, ಕಿವಿ ದುಬಾರಿ ಎಂದು ಹಣ್ಣು ಬಿಡಬೇಡಿ, ಪೇರಲೆ, ಪಪ್ಪಾಯಿ, ಬಾಳೆಹಣ್ಣು ಸಾಕು. ಹುರುಳಿ ಸಾರು, ಹೆಸರುಕಾಳಿನ ಉಸಳಿ ವಾರದಲ್ಲಿ ಹೆಚ್ಚು ದಿನ ಇರಲಿ.

*ಮಾಂಸ, ಮೀನು.* ಮೀನು ತಿನ್ನುವವರು ಬಂಗುಡೆ, ಬೂತಾಯಿ ಧಾರಾಳವಾಗಿ ತಿನ್ನಬಹುದು, ತವದ ತುಂಬ ಎಣ್ಣೆ ಹಾಕಿ ಕಪ್ಪಾಗುವವರೆಗೆ ಹುರಿಯದಿದ್ದರೆ ಆಯಿತು. ಮಟನ್ ಮುಂತಾದ ಕೆಂಪು ಮಾಂಸ ವಾರಕ್ಕೆ ಬೇಯಿಸಿದ ತೂಕದಲ್ಲಿ ಅರ್ಧ ಕಿಲೋ ದಾಟದಿರಲಿ. ಬಾಂದ್ರಾದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್‌ಗಳ ವಿಷಯ ಬೇರೆ. ಉಪ್ಪು, ರಾಸಾಯನಿಕ ಹಾಕಿ ಕೆಡದಂತೆ ಮಾಡಿದ ಈ ಮಾಂಸವನ್ನು 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18 ಹೆಚ್ಚುತ್ತದೆಂದು ಆಗ ಹೇಳಿದರು. ಮಕ್ಕಳ ಟಿಫಿನ್ ಡಬ್ಬಿಗೆ ಇದನ್ನು ರೂಢಿ ಮಾಡಬೇಡಿ.

*ಉಪ್ಪು.* ಅತಿಯಾಗಿ ಉಪ್ಪು ಹಾಕಿ ಇಟ್ಟ ಆಹಾರ ಹೊಟ್ಟೆಯ ಒಳಪದರಕ್ಕೆ ಒಳ್ಳೆಯದಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಎಲ್ಲ ಸೇರಿ. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಚಟ್ನಿ ನನಗೂ ಇಷ್ಟ. ಅವು ಬಟ್ಟಲಿನ ತುದಿಯಲ್ಲಿ ಸ್ವಲ್ಪ ಇರಲಿ, ಅನ್ನಕ್ಕೆ ಅದೇ ಪದಾರ್ಥ ಆಗದಿರಲಿ.

*ಬೂಷ್ಟು ಬಂದ ಶೇಂಗಾ.* ಮುಂಬಯಿಯ ಮಳೆಗಾಲದಲ್ಲಿ ಶೇಂಗಾ, ಕೊಬ್ಬರಿ, ಮೆಕ್ಕೆಜೋಳಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣ. ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣ ಕೆಟ್ಟ, ಮುದುಡಿದ ಶೇಂಗಾ ಎಸೆದುಬಿಡಿ. ಹಾಳಾಗುತ್ತದಲ್ಲ ಎಂದು ಚಟ್ನಿಪುಡಿಗೆ ಹಾಕಬೇಡಿ.

ಇನ್ನು ಮೊಬೈಲಿನಲ್ಲಿ ಬರುವ ಸಂದೇಶಗಳು. ನಿಂಬೆಹಣ್ಣು ಕೀಮೋಥೆರಪಿಗಿಂತ ಹತ್ತು ಸಾವಿರ ಪಾಲು ಶಕ್ತಿಶಾಲಿ, ಮುಳ್ಳುರಾಮಫಲ ತಿಂದರೆ ಗಡ್ಡೆ ಕರಗುತ್ತದೆ ಎಂದೆಲ್ಲ ನಮ್ಮವರೇ ಕಳಿಸುತ್ತಾರೆ. ಹಣ್ಣು ತಿನ್ನುವುದರಲ್ಲಿ ತಪ್ಪಿಲ್ಲ. ಅದನ್ನು ನಂಬಿ ಮೂರು ತಿಂಗಳು ಚಿಕಿತ್ಸೆ ಮುಂದೂಡುವುದು ಪ್ರಾಣಕ್ಕೆ ಎರವಾಗುತ್ತದೆ. ಚಿಕಿತ್ಸೆಯಲ್ಲಿರುವವರಿಗೆ ಈ ಲೇಖನದ ತೂಕ ಇಳಿಸುವ ಮಾತೂ ಅನ್ವಯಿಸದು. ಅವರಿಗೆ ಶಕ್ತಿ ಬೇಕು; ಏನು ತಿನ್ನಬೇಕೆಂದು ಆಸ್ಪತ್ರೆಯ ಆಹಾರತಜ್ಞರೇ ಹೇಳಲಿ.

ನಡೆಯಿರಿ

ವಾರಕ್ಕೆ 150ರಿಂದ 300 ನಿಮಿಷ, ಅಂದರೆ ದಿನಕ್ಕೆ ಸುಮಾರು 20ರಿಂದ 45 ನಿಮಿಷ, ಚುರುಕಾಗಿ ನಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ದೈಹಿಕ ಶ್ರಮ ದೊಡ್ಡ ಕರುಳು, ಸ್ತನ, ಗರ್ಭಕೋಶದ ಕ್ಯಾನ್ಸರಿನ ಅಪಾಯವನ್ನು ಕಡಿಮೆ ಮಾಡುತ್ತದೆ. ತೂಕ ಇಳಿಯದಿದ್ದರೂ ಇದರ ಲಾಭ ಇದೆ.

ಕಾರ್ಟರ್ ರೋಡ್, ಬ್ಯಾಂಡ್‌ಸ್ಟ್ಯಾಂಡ್, ಜಾಗರ್ಸ್ ಪಾರ್ಕ್ ಇರುವ ಬಾಂದ್ರಾದವರಿಗೆ ಜಾಗವಿಲ್ಲ ಎಂದು ಹೇಳುವ ಹಾಗಿಲ್ಲ. ಪೂರ್ವ ಭಾಗದವರಿಗೆ ಕಷ್ಟ ಸ್ವಲ್ಪ ಹೆಚ್ಚು, ಆದರೆ ಕಾಲನಿಯ ಒಳರಸ್ತೆ ಇದೆ. ಮಳೆಗಾಲದಲ್ಲಿ ನಾನು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ನನ್ನ ಮಡದಿ ಮೊದಲು ನಕ್ಕಳು; ಈಗ ಅವಳೇ ಮುಂದೆ ಹೋಗುತ್ತಾಳೆ. ವಾಕಿಂಗ್ ಮುಗಿಸಿ ಗೆಳೆಯರೊಡನೆ ವಡಾಪಾವ್ ತಿಂದು ಬಂದರೆ ಮಾತ್ರ ಖಾತೆ ಮೊದಲಿನ ಜಾಗಕ್ಕೇ ಬರುತ್ತದೆ. ಅದನ್ನೂ ಮಾಡಿ ನೋಡಿದವನು ನಾನು.

ತಪಾಸಣೆ: ಪರೇಲಿನವರು ಕಲಿಸಿದ ಪಾಠ

ಬಾಂದ್ರಾದಿಂದ ಅರ್ಧ ಗಂಟೆಯ ದಾರಿಯಲ್ಲಿ, ಪರೇಲಿನಲ್ಲಿ, ಟಾಟಾ ಸ್ಮಾರಕ ಆಸ್ಪತ್ರೆ ಇದೆ. 1941ರ ಫೆಬ್ರವರಿ 28ರಂದು ಆರಂಭವಾದದ್ದು. ಊರಿನಿಂದ ಚೀಲ ಹೊತ್ತು ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗದ ಮುಂಬಯಿ ಕನ್ನಡಿಗನ ಮನೆ ಅಪರೂಪ. ಆದರೆ ಆ ಆಸ್ಪತ್ರೆಯವರು ರೋಗ ಬರುವ ಮುನ್ನದ ಕೆಲಸವನ್ನೂ ಮಾಡಿದ್ದಾರೆಂಬುದು ಹಲವರಿಗೆ ಗೊತ್ತಿಲ್ಲ.

1998ರಲ್ಲಿ ಅವರು ಮುಂಬಯಿಯ ಬಡ ಬಸ್ತಿಗಳಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅರ್ಧದಷ್ಟು ಬಸ್ತಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಗರ್ಭಕೊರಳಿಗೆ ತೆಳುವಾದ ವಿನೆಗರ್ ಹಚ್ಚಿ ಬಣ್ಣ ಬದಲಾಗುವುದನ್ನು ನೋಡಿದರು. ದೊಡ್ಡ ಯಂತ್ರವಿಲ್ಲ, ಮನೆಮನೆಗೆ ತಜ್ಞ ವೈದ್ಯರು ಹೋಗಲಿಲ್ಲ. ಫಲಿತಾಂಶ ನೋಡಿ: ವಿನೆಗರ್ ಪರೀಕ್ಷೆಯಾದವರಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. ಸ್ತನ ಪರೀಕ್ಷೆಯಿಂದ 50 ದಾಟಿದವರಲ್ಲಿ ಆ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಶೇ. 30 ಇಳಿಯಿತು, ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಸ್ತನದ ಅಧ್ಯಯನದ ವರದಿ 2021ರಲ್ಲಿ ಹೊರಬಂದಾಗ ಇಪ್ಪತ್ತು ವರ್ಷದ ಲೆಕ್ಕ ಅದರಲ್ಲಿತ್ತು. ನಮ್ಮದೇ ಊರಿನ, ನಮ್ಮದೇ ಬಸ್ತಿಗಳ ಹೆಂಗಸರಿಂದ ಲೋಕಕ್ಕೆ ಸಿಕ್ಕ ಮಾಹಿತಿ ಇದು.

ಈಗ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಮೊದಲ ಸಂಶಯಕ್ಕೆ ಹತ್ತಿರದ ಮಹಾನಗರಪಾಲಿಕೆ ಆಸ್ಪತ್ರೆಗೆ ಹೋಗಿ. ಬಾಂದ್ರಾ ಪಶ್ಚಿಮದವರಿಗೆ ಭಾಭಾ ಆಸ್ಪತ್ರೆ ಇದೆ. 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭಕೊರಳ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಇದೆ. ಪುಣೆಯಲ್ಲೇ ತಯಾರಾದ ಲಸಿಕೆ 2023ರಲ್ಲಿ ಬಂತು. ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಯಕೃತ್ತಿನ ಕ್ಯಾನ್ಸರಿನಿಂದಲೂ ರಕ್ಷಿಸುತ್ತದೆ. ಬಾಣಂತಿಯರು ಎದೆಹಾಲು ಕೊಟ್ಟಷ್ಟು ಕಾಲ ಅವರ ಸ್ತನ ಕ್ಯಾನ್ಸರಿನ ಅಪಾಯವೂ ಕಡಿಮೆಯಾಗುತ್ತದೆ.

ಈ ಲಕ್ಷಣಗಳಲ್ಲಿ ಯಾವುದಾದರೂ ಎರಡು ಮೂರು ವಾರ ಉಳಿದರೆ ಕಾಯಬೇಡಿ: ಬಾಯಿಯಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಕಷ್ಟ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ನುಂಗಲು ಕಷ್ಟ, ಗಂಟಲು ಒಡೆದ ಸ್ವರ, ಕಾರಣವಿಲ್ಲದೆ ಇಳಿಯುವ ತೂಕ. ಮುಟ್ಟು ನಿಂತ ಮೇಲಿನ ರಕ್ತಸ್ರಾವಕ್ಕೆ ಮಾತ್ರ ಈ ಎರಡು ವಾರದ ರಿಯಾಯಿತಿಯೂ ಬೇಡ, ಒಂದೇ ಸಲ ಕಂಡರೂ ತೋರಿಸಿ. ನೋವಿಲ್ಲ ಎಂಬುದು ಸಮಾಧಾನದ ಕಾರಣವಲ್ಲ. ನನ್ನ ಅಣ್ಣನಿಗೂ ನೋವಿರಲಿಲ್ಲ.

ಸದಸ್ಯರಲ್ಲಿ, ದಾನಿಗಳಲ್ಲಿ ಕೋರಿಕೆ

ಸಂಘದ ಕಾರ್ಯಕ್ರಮಗಳ ಉಪಾಹಾರವನ್ನು ನಾವೇ ಸ್ವಲ್ಪ ಬದಲಿಸೋಣ ಎಂದು ಸಮಿತಿಯಲ್ಲಿ ಪ್ರಸ್ತಾಪಿಸಿದ್ದೇನೆ. ಬಟಾಟೆ ವಡೆ, ಜಿಲೇಬಿಯ ಜಾಗದಲ್ಲಿ ಕಾಳಿನ ಉಸಳಿ, ಹಣ್ಣು ಇಟ್ಟರೆ ಮೊದಲ ಸಲ ಗೊಣಗಾಟ ಕೇಳಬಹುದು; ಸಹಿಸಿಕೊಳ್ಳೋಣ. ಸದಸ್ಯರ ಜೊತೆಗೆ ಅವರ ಮನೆಗೆಲಸದವರು, ನಾಕಾದ ಕಾರ್ಮಿಕರು ಬರುವಂತೆ ಬಾಯಿ ಮತ್ತು ಸ್ತನ ತಪಾಸಣೆಯ ಶಿಬಿರವೊಂದನ್ನು ಏರ್ಪಡಿಸುವ ಆಸೆಯೂ ಇದೆ. ಕನ್ನಡ ಬಲ್ಲ ವೈದ್ಯರು, ದಂತವೈದ್ಯರು ಒಂದು ಭಾನುವಾರ ಕೊಟ್ಟರೆ ದೊಡ್ಡ ಉಪಕಾರ. ಭಾಷೆ ತಿಳಿಯದ ಭಯದಿಂದ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದವರನ್ನು ನಾನು ನೋಡಿದ್ದೇನೆ.

ಹೀಗೆ ಬರೆದೆನೆಂದು ನೆರವು ನಿಧಿಯ ಅಗತ್ಯ ಕಡಿಮೆಯಾಯಿತೆಂದು ದಯವಿಟ್ಟು ತಿಳಿಯಬೇಡಿ. ಇಂದು ನಾವು ಆರಂಭಿಸಿದ ಜಾಗ್ರತೆಯ ಫಲ ಹತ್ತು, ಹದಿನೈದು ವರ್ಷದ ನಂತರ ಕಾಣುವಂಥದ್ದು. ಇಂದು ದಾದರಿನ ಧರ್ಮಶಾಲೆಯಲ್ಲಿ ಚಾಪೆ ಹಾಸಿಕೊಂಡು ಮುಂದಿನ ಕೀಮೋ ತಾರೀಕು ಕಾಯುತ್ತಿರುವವರಿಗೆ ಔಷಧ, ಊಟ, ಪ್ರಯಾಣದ ಖರ್ಚು ಈ ತಿಂಗಳೇ ಬೇಕು. ಸರಕಾರದ ಯೋಜನೆಗಳು ಇವೆ. 70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ 2024ರ ಅಕ್ಟೋಬರಿನಿಂದ ಆದಾಯ ನೋಡದೆ ಸಿಗುತ್ತಿದೆ, ಮಾಡಿಸಿಕೊಳ್ಳದವರು ಮಾಡಿಸಿಕೊಳ್ಳಿ. ಆದರೆ ಯೋಜನೆಗೆ ಸೇರದ ಖರ್ಚು ಪ್ರತಿಯೊಂದು ಅರ್ಜಿಯಲ್ಲೂ ಉಳಿದೇ ಇರುತ್ತದೆ. ಆ ಉಳಿದ ಮೊತ್ತವನ್ನು ತುಂಬುವುದು ನಿಮ್ಮ ದೇಣಿಗೆ. ಪುಡಿಕೆ ಬಿಟ್ಟವರು, ಒಂದು ಚಹಾ ಕಡಿಮೆ ಮಾಡಿದವರು, ಉಳಿದ ಹಣದಲ್ಲಿ ಸ್ವಲ್ಪವನ್ನು ನಿಧಿಗೆ ಕಳಿಸಿದರೂ ಅದನ್ನು ದೊಡ್ಡ ದೇಣಿಗೆಯೆಂದೇ ಬರೆದುಕೊಳ್ಳುತ್ತೇವೆ.

ಅಣ್ಣನ ಮಗನಿಗೆ ಈಗ 44. ತಂದೆಯನ್ನು ನೋಡಿಯೂ ಅವನು ಅಡಿಕೆ ಬಿಟ್ಟಿರಲಿಲ್ಲ. ಕಳೆದ ದೀಪಾವಳಿಗೆ ಮನೆಗೆ ಬಂದಾಗ ನಾನು ಉಪದೇಶ ಮಾಡಲಿಲ್ಲ. ಮೂರು ಬೆರಳು ಬಾಯಲ್ಲಿಟ್ಟು ನೋಡು ಎಂದೆ. ಎರಡೇ ಹೋದವು. ಮರುವಾರ ಇಬ್ಬರೂ ಆಸ್ಪತ್ರೆಗೆ ಹೋದೆವು. ಕ್ಯಾನ್ಸರ್ ಅಲ್ಲ, ಅದಕ್ಕೆ ಮುಂಚಿನ ಹಂತ ಎಂದರು. ಅಡಿಕೆ ನಿಂತಿದೆ, ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತಾನೆ.

ಈ ಪತ್ರಿಕೆಯನ್ನು ಮಡಚಿ ಇಡುವ ಮುನ್ನ ಮನೆಯಲ್ಲಿ ಎಲ್ಲರೂ ಒಮ್ಮೆ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳಿ, ಟೇಪು ಹಿಡಿದು ಸೊಂಟ ಅಳೆಯಿರಿ. ಸಂಶಯವಿದ್ದರೆ ಸಂಘಕ್ಕೆ ಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಬರಲು ನಮ್ಮ ಕಾರ್ಯಕರ್ತರು ಸಿದ್ಧರಿದ್ದಾರೆ.

ನಿಮ್ಮೆಲ್ಲರ ಆರೋಗ್ಯವನ್ನು ಹಾರೈಸುವ,

ನಿಮ್ಮ ಸದಸ್ಯ ಬಂಧು,
ವೈದ್ಯಕೀಯ ನೆರವು ಸಮಿತಿಯ ಪರವಾಗಿ
ಬಾಂದ್ರಾ, ಮುಂಬಯಿ